ಗಾಡಿಯ ಬಾಯಿಗೆ ಬೀಗ ಹಾಕಿದವರು ಯಾರು?

ಹೋದ ತಿಂಗಳು ನಮ್ಮ ಪೇಟೆಯ ಒಬ್ಬ ಕಾಳುಕಡಿ ವ್ಯಾಪಾರಿಯ ಸಾಮಾನು ಗಾಡಿ ಸಂತೆಯ ಹಿಂದಿನ ದಿನ ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಹಳೆಯ ಡೀಸೆಲ್ ಗಾಡಿ. ಎರಡನೆಯ ಕೈಯಿಂದ ಸಾಲ ಮಾಡಿ ಕೊಂಡದ್ದು. ಕಂತು ಇನ್ನೂ ತೀರಿಲ್ಲ. ನಾಲ್ಕು ಜನ ಸೇರಿ ತಳ್ಳಿಕೊಂಡು ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿಗೆ ತಂದರು. ಮೇಸ್ತ್ರಿ ತನ್ನ ಲ್ಯಾಪ್‌ಟಾಪು ತೆರೆದು, ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಕೇಬಲ್ಲು ಚುಚ್ಚಿ, ಸ್ಕ್ಯಾನಿಂಗ್ ಹಾಕಿದ. ಪರದೆಯ ಮೇಲೆ ಬಂದದ್ದು ಒಂದೇ ಸಾಲು: ಗಾಡಿಯಿಂದ ಉತ್ತರವಿಲ್ಲ. ಮೂರು ಸಲ ಹಾಕಿದ. ಮೂರು ಸಲವೂ ಅದೇ ಸಾಲು.

ಕಂಪನಿಯ ವರ್ಕ್‌ಷಾಪಿಗೆ ಫೋನು ಹೋಯಿತು. ಗಾಡಿಯನ್ನು ಕಣ್ಣಿನಿಂದ ನೋಡದ ಆ ಮಹಾಶಯರು ಕೊಟ್ಟ ಉತ್ತರವೇನು? "ಇ.ಸಿ.ಯು. ಹೋಗಿರಬೇಕು. ಎಳೆಸಿಕೊಂಡು ಇಲ್ಲಿಗೆ ತನ್ನಿ. ಹೊಸದು ಹಾಕಬೇಕಾದೀತು." ಅವರು ಹೇಳಿದ ಮೊತ್ತ ಕೇಳಿ ವ್ಯಾಪಾರಿ ಅಲ್ಲಿಯೇ ಟಯರಿನ ಮೇಲೆ ಕುಳಿತುಬಿಟ್ಟ. ಒಂದು ಹಂಗಾಮಿನ ಲಾಭವೆಲ್ಲ ಆ ಒಂದು ಪೆಟ್ಟಿಗೆಯೊಳಕ್ಕೆ ಹೋಗುವುದಿತ್ತು.

ಸಂಜೆಯ ಹೊತ್ತಿಗೆ ಇನ್ನೊಬ್ಬ ಹುಡುಗ ಬಂದ. ಅವನ ತಂದೆ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ಆತ ಗಾಡಿಯನ್ನು ಮುಟ್ಟಲೇ ಇಲ್ಲ, ಲ್ಯಾಪ್‌ಟಾಪನ್ನು ಮುಟ್ಟಿದ. ಕೇಬಲ್ಲಿನ ಪೋರ್ಟಿನ ನಂಬರು 11 ಎಂದಿತ್ತು. ಅದನ್ನು 2 ಮಾಡಿದ. ಇನ್ನೊಂದು ಕಡೆ 16 ಎಂದಿದ್ದುದನ್ನು 1 ಮಾಡಿದ. ಮತ್ತೆ ಸ್ಕ್ಯಾನಿಂಗ್ ಹಾಕಿದ. ಸತ್ತಿತೆಂದು ಷರಾ ಬರೆಸಿಕೊಂಡಿದ್ದ ಗಾಡಿ ಮಾತನಾಡಿತು! ಪಿ-0335 ಎಂಬ ಕೋಡು ಬಂತು. ಅಂದರೆ ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟಿನಲ್ಲಿ ದೋಷ. ಹುಡುಕಿದರೆ ಬ್ರಾಕೆಟ್ಟಿಗೆ ಉಜ್ಜಿ ಉಜ್ಜಿ ತುಂಡಾದ ಒಂದು ತಂತಿ! ಬೆಸುಗೆ ಹಾಕಿ ಟೇಪು ಸುತ್ತಿದ ಮೇಲೆ ಗಾಡಿ ರಾತ್ರಿಯೇ ಮೂಟೆ ಹೊತ್ತು ಹೊರಟಿತು.

"ಸಾವ್ಕಾರ್ರೆ, ಗಾಡಿ ಸತ್ತಿರ್ಲಿಲ್ರಿ. ಅದು ಕೇಳಿದ್ದಕ್ಕೆ ನಾವು ಜವಾಬು ಕೊಡೋದು ತಡ ಆಗ್ತಿತ್ತು, ಅದು ಬಾಗ್ಲು ಹಾಕ್ಕೊಂತಿತ್ತು," ಎಂದ ಆ ಹುಡುಗ.

ಬಂಧುಗಳೇ, ಈ ಒಂದು ಮಾತಿನ ಮೇಲೆ ನಾವು ಇವತ್ತು ಸ್ವಲ್ಪ ಹೊತ್ತು ಯೋಚಿಸಬೇಕಾಗಿದೆ. ಎರಡು ಅಂಕಿ ಗೊತ್ತಿಲ್ಲದ್ದರಿಂದ ಒಬ್ಬ ವ್ಯಾಪಾರಿಯ ವರ್ಷದ ದುಡಿಮೆ ಹೋಗುವುದಿತ್ತು. ಒಬ್ಬ ಮೇಸ್ತ್ರಿಯ ಹೆಸರು ಕೆಡುವುದಿತ್ತು. ಆ ಎರಡು ಅಂಕಿ ದೇವಲೋಕದ ರಹಸ್ಯವೇ? ಅಲ್ಲ. ಹಾಗಾದರೆ ಅದು ನಮ್ಮ ಮೇಸ್ತ್ರಿಗೆ ಏಕೆ ಗೊತ್ತಿರಲಿಲ್ಲ? ಗೊತ್ತಿಲ್ಲದಿರುವುದರಿಂದ ಲಾಭ ಯಾರಿಗೆ? ಪ್ರಶ್ನೆ ಇಷ್ಟೇ.

ಮೊದಲು ಆ 16ರ ಕಥೆಯನ್ನು ಬಿಡಿಸಿ ನೋಡೋಣ. ಹಳೆಯ ಗಾಡಿಗಳಲ್ಲಿ ಎಂಜಿನ್ನಿನ ಇ.ಸಿ.ಯು. ಕೆ-ಲೈನ್ ಎಂಬ ಒಂದೇ ತಂತಿಯ ಮೇಲೆ ಸೆಕೆಂಡಿಗೆ 10,400 ಬಿಟ್ಟುಗಳ ವೇಗದಲ್ಲಿ ಮಾತನಾಡುತ್ತದೆ. ಅದನ್ನು ಎಬ್ಬಿಸುವ ಒಂದು ಪದ್ಧತಿಯಲ್ಲಿ ನಾವು ಮೊದಲು ಬಹಳ ನಿಧಾನವಾಗಿ, ಸೆಕೆಂಡಿಗೆ 5 ಬಿಟ್ಟಿನಂತೆ, ಅದರ ವಿಳಾಸ ಹೇಳಬೇಕು. ಇದಕ್ಕೇ 2 ಸೆಕೆಂಡು ಹಿಡಿಯುತ್ತದೆ. ಆಗ ಅದು ಎದ್ದು ಒಂದು ಗುರುತಿನ ಮಾತು ಹೇಳುತ್ತದೆ. ಆ ಮಾತನ್ನು ತಿರುವು ಮಾಡಿ ನಾವು ಒಂದು ಸೆಕೆಂಡಿನ ಸಾವಿರದ 25ರಿಂದ 50 ಭಾಗದೊಳಗೆ ಹಿಂದಕ್ಕೆ ಹೇಳಬೇಕು. ಹೇಳಿದರೆ ಬಾಗಿಲು ತೆರೆಯಿತು, ತಡವಾದರೆ ಮುಚ್ಚಿತು.

ಈಗ ನಮ್ಮ ಕೇಬಲ್ಲಿನೊಳಗೆ ಏನು ನಡೆಯುತ್ತದೆ? ಅದರ ಚಿಪ್ಪು ಗಾಡಿಯಿಂದ ಬಂದ ಅಕ್ಷರವನ್ನು ಕೂಡಲೇ ಕಂಪ್ಯೂಟರಿಗೆ ಕೊಡುವುದಿಲ್ಲ. ಚೀಲ ತುಂಬಲೆಂದು ಕಾಯುವ ಅಂಚೆಯವನಂತೆ ಇನ್ನಷ್ಟು ಅಕ್ಷರ ಬಂದಾವೆಂದು ಕಾಯುತ್ತ ಕೂರುತ್ತದೆ. ಬಹಳ ಕಡೆ ಮಾರಾಟವಾಗುವ ಒಂದು ಜಾತಿಯ ಚಿಪ್ಪಿನಲ್ಲಿ ಈ ಕಾಯುವಿಕೆ ಸಾವಿರದ 16 ಭಾಗ ಎಂದು ಮೊದಲೇ ಇಟ್ಟಿರುತ್ತದೆ. ಇದರ ಹೆಸರು ಲೇಟೆನ್ಸಿ ಟೈಮರು. ಮುದ್ರಕ ಯಂತ್ರಕ್ಕೋ ತೂಕದ ಯಂತ್ರಕ್ಕೋ ಜೋಡಿಸಿದಾಗ ಈ 16ರಿಂದ ಯಾವ ತೊಂದರೆಯೂ ಇಲ್ಲ. ಆದರೆ ಕಂಪ್ಯೂಟರೇ ಲೆಕ್ಕವಿಟ್ಟು ಮಾತನಾಡಬೇಕಾದ ಸಾದಾ ಕೆ-ಲೈನ್ ಕೇಬಲ್ಲಿನಲ್ಲಿ, ಇದ್ದ ಸಮಯದಲ್ಲಿ ಒಂದು ದೊಡ್ಡ ಪಾಲನ್ನು ಈ ಅಂಚೆಯವನೇ ತಿಂದುಹಾಕುತ್ತಾನೆ. ಕೆಲವೊಮ್ಮೆ ಸಿಗುತ್ತದೆ, ಕೆಲವೊಮ್ಮೆ ಸಿಗುವುದಿಲ್ಲ, ನಡುವೆಯೇ ಕಡಿದುಹೋಗುತ್ತದೆ. ಮೇಸ್ತ್ರಿ ಗಾಡಿಯನ್ನು ಬೈಯುತ್ತಾನೆ, ವ್ಯಾಪಾರಿ ಮೇಸ್ತ್ರಿಯನ್ನು ಬೈಯುತ್ತಾನೆ. ಅಂಚೆಯವನು ಮಾತ್ರ ಹಾಯಾಗಿರುತ್ತಾನೆ.

ಇಷ್ಟು ಹೇಳಲು ನಮಗೆ ಎರಡು ಪ್ಯಾರಾ ಸಾಕಾಯಿತು. ಕೇಬಲ್ಲಿನ ಡಬ್ಬಿಯೊಳಗೆ ಇದನ್ನೇ ಅಚ್ಚು ಹಾಕಿಸಿದ ಒಂದು ಚೀಟಿ ಇಡಲು ಎಷ್ಟು ಖರ್ಚಾಗುತ್ತಿತ್ತು?

ಕಂಪನಿಗಳ ವಕಾಲತ್ತು ವಹಿಸುವವರು ಒಂದು ಮಾತು ಹೇಳುವುದುಂಟು: ಗಾಡಿ ನಮ್ಮ ಸೃಷ್ಟಿ, ಅದರ ಭಾಷೆಯೂ ನಮ್ಮದು, ಅದನ್ನು ಯಾರಿಗೆ ಕಲಿಸಬೇಕೆಂಬುದು ನಮ್ಮ ಇಷ್ಟ. ಈ ಮಾತು ಎಷ್ಟು ಸತ್ಯ? ಸ್ಟಿಯರಿಂಗಿನ ಕೆಳಗಿರುವ ಆ 16 ಪಿನ್ನಿನ ಸಾಕೆಟ್ಟು ಯಾವ ಕಂಪನಿಯ ಔದಾರ್ಯದಿಂದಲೂ ಬಂದದ್ದಲ್ಲ. ಲಾಸ್ ಏಂಜಲೀಸಿನ ಜನ ಮೋಟಾರಿನ ಹೊಗೆಯಲ್ಲಿ ಉಸಿರುಕಟ್ಟಿ ಸಾಕಾಗಿ, ಕ್ಯಾಲಿಫೋರ್ನಿಯಾದ ಸರ್ಕಾರ ಗಾಡಿ ತನ್ನ ದೋಷವನ್ನು ತಾನೇ ಹೇಳಬೇಕೆಂದು ಕಟ್ಟು ಮಾಡಿತು. 1996ರಿಂದ ಅಮೆರಿಕದಲ್ಲಿ ಎಲ್ಲ ಹೊಸ ಕಾರುಗಳಿಗೂ ಒಂದೇ ಬಗೆಯ ಸಾಕೆಟ್ಟು, ಒಂದೇ ಬಗೆಯ ಕೋಡು ಕಡ್ಡಾಯವಾಯಿತು. ಯುರೋಪಿನಲ್ಲಿ 2001ರಿಂದ ಪೆಟ್ರೋಲ್ ಕಾರುಗಳಿಗೆ ಬಂತು, ಆಮೇಲೆ ಡೀಸೆಲ್ಲಿಗೂ ಬಂತು. ನಮ್ಮ ದೇಶದಲ್ಲಿ ಬಿ.ಎಸ್.-4 ಗಾಡಿಗಳಿಗೆ 2010ರ ಏಪ್ರಿಲಿನಿಂದ ಮೊದಲ ಹಂತ, 2013ರ ಏಪ್ರಿಲಿನಿಂದ ಎರಡನೆಯ ಹಂತ. 2020ರಲ್ಲಿ ಬಿ.ಎಸ್.-6 ಬಂದಾಗ ಬೈಕು ಸ್ಕೂಟರುಗಳೂ ಈ ಕಟ್ಟಿಗೆ ಒಳಗಾದವು.

ಹೀಗಿರಲು ಆ ಸಾಕೆಟ್ಟು ಯಾರದು? ಕಾಯಿದೆ ಮಾಡಿಸಿದ ಜನರದು. ಉಸಿರಾಡುವವರದು. ಅದರ ಪಿನ್ನುಗಳ ಲೆಕ್ಕ ಯಾವ ಧಣಿಯ ಅಪ್ಪನ ಮನೆಯ ಗಂಟೂ ಅಲ್ಲ. 16ನೆಯ ಪಿನ್ನಿನಲ್ಲಿ ಬ್ಯಾಟರಿಯ ಧನ, 4 ಮತ್ತು 5ರಲ್ಲಿ ಅರ್ತು, 7ರಲ್ಲಿ ಕೆ-ಲೈನು, 6 ಮತ್ತು 14ರಲ್ಲಿ ಕ್ಯಾನ್ ಎಂಬ ಜೋಡಿ ತಂತಿ. ಇದು ಊರ ಬಾವಿಯ ನೀರಿನಂತೆ ಎಲ್ಲರದು.

ಆದರೆ ನಡೆದಿರುವುದೇನು? ಕಾಯಿದೆ ತೆರೆಸಿದ್ದು ಹೊಗೆಗೆ ಸಂಬಂಧಪಟ್ಟ ಭಾಗವನ್ನು ಮಾತ್ರ. ಬ್ರೇಕಿನ ಎ.ಬಿ.ಎಸ್., ಏರ್‌ಬ್ಯಾಗು, ಕೀಲಿಕೈಯ ಇಮ್ಮೊಬಿಲೈಜರು, ಹೊಸ ಇಂಜೆಕ್ಟರಿನ ಕೋಡು ತುಂಬುವ ಕೆಲಸ, ಇವೆಲ್ಲ ಕಂಪನಿಯ ಸ್ವಂತ ಭಾಷೆಯ ಹಿಂದೆ ಉಳಿದುಕೊಂಡವು. ಅದೇ ಸಾಕೆಟ್ಟು, ಅದೇ ತಂತಿ. ಒಳಗಿನ ಕೋಣೆಗಳಿಗೆ ಮಾತ್ರ ಬೇರೆ ಬೀಗ. ತೆರೆದಿರುವ ಭಾಗದ ನಿಯಮಗಳ ಪುಸ್ತಕವಾದರೂ ಪುಕ್ಕಟೆ ಸಿಗುತ್ತದೆಯೇ? ಅದೂ ಇಲ್ಲ. ಜಿನೀವಾದಲ್ಲಿರುವ ಮಾನಕ ಸಂಸ್ಥೆಗೆ ಅವರ ನಾಣ್ಯದಲ್ಲಿ ಹಣ ಕಟ್ಟಿ ಕೊಳ್ಳಬೇಕು. ಕಾಯಿದೆಯನ್ನು ಪಾಲಿಸಿ ಎನ್ನುತ್ತಾರೆ. ಕಾಯಿದೆಯ ವ್ಯಾಕರಣಕ್ಕೆ ಬೆಲೆ ಕಟ್ಟುತ್ತಾರೆ.

ಇದು ನಮ್ಮ ಗೊಣಗಾಟ ಮಾತ್ರವಲ್ಲ. ಭಾರತದ ಸ್ಪರ್ಧಾ ಆಯೋಗವೇ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳ ಮೇಲೆ 2,544 ಕೋಟಿ ರೂಪಾಯಿಗೂ ಮೀರಿದ ದಂಡ ಹಾಕಿತು. ಅಪರಾಧವೇನು? ಬಿಡಿಭಾಗಗಳನ್ನು, ರಿಪೇರಿಯ ಪುಸ್ತಕಗಳನ್ನು, ತಪಾಸಣೆಯ ಉಪಕರಣಗಳನ್ನು ಹೊರಗಿನ ಮೆಕ್ಯಾನಿಕ್ಕುಗಳಿಗೆ ಸಿಗದಂತೆ ತಡೆದದ್ದು. ಇವುಗಳನ್ನು ಹೊರಗಿನವರಿಗೂ ಒದಗಿಸಬೇಕು, ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಗ್ಯಾರಂಟಿ ರದ್ದು ಎಂದು ಸಾರಾಸಗಟಾಗಿ ಹೇಳಕೂಡದು ಎಂದೂ ಆಯೋಗ ಆಜ್ಞೆ ಮಾಡಿತು. ಕಂಪನಿಗಳೇನು ಮಾಡಿದವು? ಮೇಲ್ಮನವಿಯ ಮೇಲೆ ಮೇಲ್ಮನವಿ ಹಾಕಿದವು. ಧನಿಕನಿಗೆ ದಾವೆ ಎಂದರೆ ಒಂದು ಹೂಡಿಕೆ. ಬಡವನಿಗೆ ಅದು ಮನೆ ಮುರಿಯುವ ಕೆಲಸ. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಡಿಸೆಂಬರಿನಲ್ಲಿ ಒಂದು ಪೋರ್ಟಲ್ಲನ್ನೂ ತೆರೆಯಿತು. ಪೋರ್ಟಲ್ಲು ಒಳ್ಳೆಯದೇ. ಆದರೆ ಪೋರ್ಟಲ್ಲು ಕಾಯಿದೆಯಲ್ಲ. ಅದರ ಮುಂದೆ ನಿಂತು ಯಾವ ಮೇಸ್ತ್ರಿಯೂ "ಕೊಡಿ, ಇದು ನನ್ನ ಹಕ್ಕು" ಎನ್ನುವಂತಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಮತದಾರರು 2012ರಲ್ಲಿ ಒಮ್ಮೆ, 2020ರಲ್ಲಿ ಇನ್ನೊಮ್ಮೆ ಮತಪೆಟ್ಟಿಗೆಯ ಮೂಲಕವೇ ಈ ಹಕ್ಕನ್ನು ಪಡೆದರು. ಅಲ್ಲಿಯೂ ಕಂಪನಿಗಳು ಕೋರ್ಟಿಗೆ ಹೋದವು. ಆದರೆ ಜನ ಬಿಡಲಿಲ್ಲ.

ಇನ್ನು ಅವರ ವಾದಗಳನ್ನು ನೋಡೋಣ. ಮೊದಲನೆಯದು ಭದ್ರತೆ. ಭಾಷೆ ಬಹಿರಂಗವಾದರೆ ಕಳ್ಳರು ಗಾಡಿಯೊಳಕ್ಕೆ ಹೊಗುತ್ತಾರಂತೆ. ಭಯ ಪೂರ್ತಿ ಸುಳ್ಳಲ್ಲ, ಒಪ್ಪೋಣ. 2015ರ ಜುಲೈಯಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಓಡುತ್ತಿದ್ದ ಒಂದು ಜೀಪನ್ನು ದೂರದಿಂದಲೇ ಹಿಡಿತಕ್ಕೆ ತೆಗೆದುಕೊಂಡು ತೋರಿಸಿದರು. ಅದರಿಂದ 14 ಲಕ್ಷ ಗಾಡಿಗಳನ್ನು ಕಂಪನಿ ಹಿಂದಕ್ಕೆ ಕರೆಯಬೇಕಾಯಿತು. ಆದರೆ ಅವರು ಒಳಕ್ಕೆ ಬಂದದ್ದು ಯಾವ ದಾರಿಯಿಂದ? ಕಂಪನಿಯೇ ಗಾಡಿಗೆ ಜೋಡಿಸಿದ್ದ ಮೊಬೈಲು ಸಂಪರ್ಕದಿಂದ. ಯಾವ ಮೇಸ್ತ್ರಿಯ ಕೇಬಲ್ಲಿನಿಂದಲೂ ಅಲ್ಲ. ಆಮೇಲೆ ಅದೇ ಕಂಪನಿ 2018ರಿಂದ ತನ್ನ ಗಾಡಿಗಳ ಸಾಕೆಟ್ಟಿನ ಹಿಂದೆ ಒಂದು ಕಾವಲು ಪೆಟ್ಟಿಗೆ ಇಟ್ಟಿತು. ಹೆಸರು ನೋಂದಾಯಿಸದ ಸ್ಕ್ಯಾನರು ಕೋಡನ್ನು ಓದಬಹುದು, ಅಳಿಸುವಂತಿಲ್ಲ. ಕಳ್ಳ ಬಂದದ್ದು ಸೂರಿನಿಂದ, ಬೀಗ ಬಿದ್ದದ್ದು ಕೆಲಸದವನ ಬಾಗಿಲಿಗೆ!

ಎರಡನೆಯದು ಪರಿಸರ. ಹೊರಗಿನವರು ಸಾಫ್ಟ್‌ವೇರಿಗೆ ಕೈ ಹಾಕಿದರೆ ಹೊಗೆ ಹೆಚ್ಚಾಗುತ್ತದಂತೆ. ಹಾಗೆ ಮಾಡುವ ಕಿಡಿಗೇಡಿಗಳೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಚರಿತ್ರೆಯಲ್ಲಿ ಅತಿ ದೊಡ್ಡ ಹೊಗೆ ಮೋಸ ನಡೆದದ್ದು ಯಾವ ಬೀದಿಯ ಗ್ಯಾರೇಜಿನಲ್ಲಿ? 2015ರ ಸೆಪ್ಟೆಂಬರಿನಲ್ಲಿ ಬಯಲಾದದ್ದು ಫೋಕ್ಸ್‌ವ್ಯಾಗನ್ ಕಂಪನಿಯ ಮೋಸ. ಪರೀಕ್ಷೆಯ ಹೊತ್ತಿನಲ್ಲಿ ಸಾಧುವಿನಂತೆ, ರಸ್ತೆಯ ಮೇಲೆ ರಾಕ್ಷಸನಂತೆ ನಡೆದುಕೊಳ್ಳುವ ಸಾಫ್ಟ್‌ವೇರನ್ನು ಲೋಕದಾದ್ಯಂತ ಸುಮಾರು 1 ಕೋಟಿ 10 ಲಕ್ಷ ಗಾಡಿಗಳಲ್ಲಿ ಅದು ತುಂಬಿತ್ತು. ಇದರ ಸುಳಿವು ಕೊಟ್ಟವರು ಕಂಪನಿಯ ಒಳಗಿನವರಲ್ಲ. ರಸ್ತೆಯ ಮೇಲೆ ಹೊಗೆ ಅಳೆದ ಒಂದು ವಿಶ್ವವಿದ್ಯಾಲಯದವರು. ಮುಚ್ಚಿದ ಪೆಟ್ಟಿಗೆಯೊಳಗೆ ಪುಣ್ಯವೇ ಇರುತ್ತದೆಂದು ನಂಬುವ ಕಾಲ ಮುಗಿಯಿತು.

ಮೂರನೆಯದು, ನಿಮ್ಮ ಮೇಸ್ತ್ರಿಗಳಿಗೆ ಇದೆಲ್ಲ ತಿಳಿಯುವುದಿಲ್ಲ ಎಂಬ ಅವಹೇಳನ. ಈ ಮಾತನ್ನು ಮಿಲ್ಲಿನ ಕಾರ್ಮಿಕರು ಮೊದಲೇ ಕೇಳಿಲ್ಲವೇ? ಶಬ್ದ ಕೇಳಿಯೇ ಯಾವ ಸ್ಪಿಂಡಲ್ಲು ಕೆಟ್ಟಿದೆಯೆಂದು ಹೇಳುತ್ತಿದ್ದವರ ಮುಂದೆ ಇವತ್ತು ಗಾಜಿನ ಫಲಕ, ಅದಕ್ಕೊಂದು ಪಾಸ್‌ವರ್ಡು. ಹೊರಗಿನ ಎಂಜಿನಿಯರು ಬರುವ ತನಕ ಯಂತ್ರ ನಿಂತಿರಬೇಕು, ಕೂಲಿಯೂ ನಿಂತಿರಬೇಕು. ಕಲಿಸದೆ ಇಟ್ಟು, ಆಮೇಲೆ ಕಲಿಯಲಾರದವನೆಂದು ಹೀಯಾಳಿಸುವುದು ಒಡೆತನದ ಹಳೆಯ ಉಪಾಯ.

ಇಷ್ಟು ಹೇಳಿ ನಮ್ಮವರನ್ನು ಬಿಟ್ಟುಬಿಟ್ಟರೆ ಅದು ಪ್ರಾಮಾಣಿಕತೆಯಲ್ಲ. ಬೀಗ ಹಾಕಿದವರಲ್ಲಿ ನಮ್ಮವರೂ ಇದ್ದಾರೆ. ಒಂದು ಸೆಟ್ಟಿಂಗು ತಿಳಿದ ಮೇಸ್ತ್ರಿ ಅದನ್ನು ಪಕ್ಕದ ಶೆಡ್ಡಿನವನಿಗೆ ಹೇಳುವುದಿಲ್ಲ. ಕೈಕೆಳಗಿನ ಹುಡುಗನಿಗೂ ಪರದೆ ಕಾಣದಂತೆ ಬೆನ್ನು ತಿರುಗಿಸಿ ಕೂರುತ್ತಾನೆ. ಅವನು ಸತ್ತಾಗ ಆ ವಿದ್ಯೆಯೂ ಅವನೊಡನೆ ಮಣ್ಣಾಗುತ್ತದೆ. ಇನ್ನು ಕೆಲವರು ಅಗ್ಗವೆಂದು ನಕಲಿ ಕೇಬಲ್ಲು, ಕದ್ದ ಸಾಫ್ಟ್‌ವೇರು ತಂದು, ಅದು ಕೈಕೊಟ್ಟಾಗ ಗಿರಾಕಿಯ ಇ.ಸಿ.ಯು. ಮೇಲೆ ತಪ್ಪು ಹೊರಿಸುತ್ತಾರೆ. 2014ರ ಅಕ್ಟೋಬರಿನಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಿ. ಇಂಥ ಕೇಬಲ್ಲುಗಳ ಚಿಪ್ಪು ಮಾಡುವ ಗ್ಲಾಸ್ಗೋದ ಎಫ್.ಟಿ.ಡಿ.ಐ. ಕಂಪನಿಯ ಹೊಸ ಡ್ರೈವರು ವಿಂಡೋಸಿನ ಅಪ್‌ಡೇಟಿನೊಡನೆ ಸದ್ದಿಲ್ಲದೆ ಬಂದು, ನಕಲಿ ಚಿಪ್ಪುಗಳ ಗುರುತಿನ ನಂಬರನ್ನು ಸೊನ್ನೆ ಮಾಡಿತು. ನಿನ್ನೆ ಕೆಲಸ ಮಾಡಿದ ಕೇಬಲ್ಲು ಇವತ್ತು ಹೆಣ. ಜನ ಬೊಬ್ಬೆ ಹಾಕಿದ ಮೇಲೆ ಕಂಪನಿ ಆ ಡ್ರೈವರನ್ನು ಹಿಂದಕ್ಕೆ ತೆಗೆಯಿತು. ನಕಲು ಮಾಡಿದವನು ಎಲ್ಲೋ ಸುಖವಾಗಿದ್ದ. ದಂಡ ತೆತ್ತವನು ತಿಳಿಯದೆ ಕೊಂಡವನು. ಕದ್ದ ಮಾಲಿನ ಮೇಲೆ ಹಕ್ಕಿನ ಹೋರಾಟ ನಿಲ್ಲದು.

ಆದ್ದರಿಂದ ಇ.ಸಿ.ಯು. ಹೋಗಿದೆ ಎಂಬ ಮಾತು ಬಾಯಿಂದ ಹೊರಡುವ ಮೊದಲು ಪ್ರತಿ ಗ್ಯಾರೇಜಿನಲ್ಲೂ ನೋಡಲೇಬೇಕಾದ ಸಂಗತಿಗಳನ್ನು ಇಲ್ಲಿ ಬಹಿರಂಗವಾಗಿ ಅಚ್ಚು ಹಾಕುತ್ತಿದ್ದೇವೆ. ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಿ.

ಮೊದಲು ವಿದ್ಯುತ್ತು. ಕೀಲಿ ಆನ್ ಇರಲಿ. 16ನೆಯ ಪಿನ್ನಿಗೆ ಬ್ಯಾಟರಿಯ ಪೂರ್ತಿ ವೋಲ್ಟೇಜು ಬರುತ್ತಿದೆಯೇ, 4 ಮತ್ತು 5 ಸರಿಯಾಗಿ ಅರ್ತಾಗಿವೆಯೇ ಎಂದು ಮೀಟರಿನಿಂದ ಅಳೆಯಿರಿ. ಎಷ್ಟೋ ಸಲ ಸುಟ್ಟಿರುವುದು ಒಂದು ಫ್ಯೂಸು ಮಾತ್ರ.

ಎರಡನೆಯದು ಪೋರ್ಟು. ಕೇಬಲ್ಲನ್ನು ಲ್ಯಾಪ್‌ಟಾಪಿನ ಬೇರೆ ತೂತಿಗೆ ಚುಚ್ಚಿದರೆ ವಿಂಡೋಸು ಬೇರೆ ನಂಬರು ಕೊಡುವುದುಂಟು. ಕೆಲವು ಹಳೆಯ ಸಾಫ್ಟ್‌ವೇರುಗಳು 1ರಿಂದ 4ರವರೆಗೆ ಮಾತ್ರ ಹುಡುಕುತ್ತವೆ. ಡಿವೈಸ್ ಮ್ಯಾನೇಜರಿನಲ್ಲಿ ನಂಬರನ್ನು ನೋಡಿ, ಸಾಫ್ಟ್‌ವೇರಿನಲ್ಲೂ ಅದೇ ನಂಬರು ಇಡಿ. ಬ್ಲೂಟೂತ್ ಆದರೆ ಎರಡು ಪೋರ್ಟು ಕಾಣಿಸಬಹುದು, ಹೊರಹೋಗುವುದನ್ನೇ ಆರಿಸಬೇಕು.

ಮೂರನೆಯದು ವೇಗ ಮತ್ತು ಕಾಯುವಿಕೆ. ಇ.ಎಲ್.ಎಂ. 327 ಜಾತಿಯ ತಂತಿಯ ಸ್ಕ್ಯಾನರಿಗೆ ಕಂಪ್ಯೂಟರಿನ ಕಡೆಯ ವೇಗ ಸಾಮಾನ್ಯವಾಗಿ 38,400. ಸಾದಾ ಕೆ-ಲೈನ್ ಕೇಬಲ್ಲಾದರೆ ಪೋರ್ಟಿನ ಅಡ್ವಾನ್ಸ್ಡ್ ಪುಟದಲ್ಲಿ ಲೇಟೆನ್ಸಿ ಟೈಮರನ್ನು 1ಕ್ಕೋ 2ಕ್ಕೋ ಇಳಿಸಿ. ಬ್ಯಾಟರಿ ಉಳಿಸಲೆಂದು ವಿಂಡೋಸು ಯು.ಎಸ್.ಬಿ.ಯನ್ನು ಮಲಗಿಸುವ ಸೆಟ್ಟಿಂಗನ್ನು ಆಫ್ ಮಾಡಿ, ಇ.ಸಿ.ಯು.ಗೆ ಪ್ರೋಗ್ರಾಂ ತುಂಬುವಾಗ ನಡುವೆ ಕಡಿದರೆ ಆಗ ಅದು ನಿಜವಾಗಿಯೂ ಹೋದೀತು.

ನಾಲ್ಕನೆಯದು ಭಾಷೆ. ಹೊಸ ಗಾಡಿಗಳದು ಕ್ಯಾನ್. ಸೆಕೆಂಡಿಗೆ 5 ಲಕ್ಷ ಅಥವಾ ಎರಡೂವರೆ ಲಕ್ಷ ಬಿಟ್ಟು, ವಿಳಾಸ 11 ಬಿಟ್ಟಿನದು ಅಥವಾ 29 ಬಿಟ್ಟಿನದು. ಹಳೆಯವು ಕೆ-ಲೈನ್. ತಾನಾಗಿ ಹುಡುಕುವ ಸೆಟ್ಟಿಂಗಿನಲ್ಲಿ ಸಿಗದಿದ್ದರೆ ಒಂದೊಂದನ್ನೇ ಕೈಯಿಂದ ಆರಿಸಿ ನೋಡಿ. ಉತ್ತರಕ್ಕಾಗಿ ಸಾಫ್ಟ್‌ವೇರು ಕಾಯುವ ಅವಧಿಯನ್ನು ತೀರ ಕಡಿಮೆ ಇಡಬೇಡಿ.

ಐದನೆಯದು ತಂತಿ. ಬ್ಯಾಟರಿ ಬಿಚ್ಚಿ 6 ಮತ್ತು 14ರ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. ಕ್ಯಾನ್ ತಂತಿಯ ಎರಡು ತುದಿಗೂ 120 ಓಮಿನ ಒಂದೊಂದು ರೆಸಿಸ್ಟರು ಇರುವುದರಿಂದ. 120 ಬಂದರೆ ಒಂದು ಕಡೆ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಎರಡೂ ತಂತಿ ಕೂಡಿಕೊಂಡಿವೆ. ಸಾಕೆಟ್ಟಿನ ಹಿಂದೆ ಗೇಟ್‌ವೇ ಪೆಟ್ಟಿಗೆ ಇರುವ ಗಾಡಿಗಳಲ್ಲಿ ಮಾತ್ರ ಈ ಲೆಕ್ಕ ಬೇರೆಯಾದೀತು. ಇದೆಲ್ಲ ಆದ ಮೇಲೆ, ಅದೇ ಕೇಬಲ್ಲಿನಿಂದ ಇನ್ನೊಂದು ಗಾಡಿಯನ್ನು ಓದಿ ನೋಡಿ. ಅದು ಮಾತನಾಡಿ ಇದು ಮಾತನಾಡದಿದ್ದರೆ ಆಗ ಇ.ಸಿ.ಯು. ಮೇಲೆ ಸಂಶಯಪಡಿ.

ವ್ಯಾಪಾರಿ ಬಂಧುಗಳಿಗೆ ಒಂದು ಮಾತು: ದೊಡ್ಡ ಪೆಟ್ಟಿಗೆ ಬದಲಿಸಬೇಕೆಂದು ಯಾರೇ ಹೇಳಲಿ, ಯಾವ ಕೋಡು ಬಂತು, ಏನೇನು ಅಳೆದಿರಿ ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲಾರದವನಿಗೆ ಹಣ ಕೊಡಬೇಡಿ.

ನಮ್ಮ ಒತ್ತಾಯವೂ ಸ್ಪಷ್ಟವಾಗಿದೆ. ಪ್ರತಿ ಗಾಡಿಯ ಜೊತೆಗೆ ಅದು ಯಾವ ಪಿನ್ನಿನಲ್ಲಿ, ಯಾವ ಭಾಷೆಯಲ್ಲಿ, ಯಾವ ವೇಗದಲ್ಲಿ ಮಾತನಾಡುತ್ತದೆಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿ ಕೊಡಬೇಕು. 2014ರ ಆಜ್ಞೆಯ ತಿರುಳು ಆಯೋಗದ ಕಡತದಿಂದ ಹೊರಬಂದು ಸಂಸತ್ತಿನ ಕಾಯಿದೆಯಾಗಬೇಕು. ಕಂಪನಿಯ ವರ್ಕ್‌ಷಾಪಿಗೆ ಸಿಗುವ ಸಾಫ್ಟ್‌ವೇರು ನ್ಯಾಯವಾದ ಬೆಲೆಗೆ ಬೀದಿಯ ಗ್ಯಾರೇಜಿಗೂ ಸಿಗಬೇಕು. ಐ.ಟಿ.ಐ.ಗಳಲ್ಲಿ ಈ ವಿದ್ಯೆಯನ್ನು ಹುಡುಗರ ಭಾಷೆಯಲ್ಲಿ ಕಲಿಸಬೇಕು. ಅದು ಆಗುವ ತನಕ ಊರಿನ ಮೇಸ್ತ್ರಿಗಳೆಲ್ಲ ಸೇರಿ ಒಂದು ಸಾಮಾನ್ಯ ಪುಸ್ತಕ ಇಡಲಿ. ಯಾವ ಗಾಡಿಗೆ ಯಾವ ಸೆಟ್ಟಿಂಗು ನಡೆಯಿತೆಂದು ಪ್ರತಿಯೊಬ್ಬನೂ ಅದರಲ್ಲಿ ಬರೆಯಲಿ.

ಕಾಳು ವ್ಯಾಪಾರಿಯ ಗಾಡಿಯನ್ನು ಮಾತನಾಡಿಸಿದ ಆ ಹುಡುಗನನ್ನು ನಾನು ಕೇಳಿದೆ: "ಇದನ್ನ ಎಲ್ಲಿ ಕಲಿತೆ ತಮ್ಮಾ?" ಆತ ನಕ್ಕು ಹೇಳಿದ: "ಯಾರೂ ಹೇಳ್ಕೊಡ್ಲಿಲ್ರಿ. ಆರು ತಿಂಗ್ಳು ತಪ್ಪು ಮಾಡಿ ಕಲ್ತೆ." ಆ ಆರು ತಿಂಗಳಲ್ಲಿ ಎಷ್ಟು ಗಿರಾಕಿಗಳ ಇ.ಸಿ.ಯು.ಗಳು ಸುಮ್ಮಸುಮ್ಮನೆ ಬದಲಾದವೋ! ಮುಂದಿನ ಹುಡುಗನಿಗೆ ಆರು ತಿಂಗಳು ಬೇಡ, ಆರು ನಿಮಿಷ ಸಾಕಾಗಬೇಕು. ಹೆದರಿಕೆ ಬೇಡ, ಗುಟ್ಟೂ ಬೇಡ. ಬರೆಯಿರಿ, ಹಂಚಿರಿ, ಕೇಳಿರಿ.